ಬಾಂದುಕಲ್ಲಿಲ್ಲದ ಎನ್‌ಡಿಎ

ನಮ್ಮ ಐಟಿಯಲ್ಲಿ ಎಲ್ಲರೂ ಸಹಿ ಹಾಕಿ ಯಾರೂ ಓದದ ಬರಹ ಯಾವುದು ಅಂದರೆ, ನಾನು ಎನ್‌ಡಿಎ ಅಂತೀನಿ. ಎರಡು ಕಂಪನಿಗಳು ಮಾತುಕತೆಗೆ ಕೂರುವ ಮುಂಚೆ 'ನಿಮ್ಮ ಗುಟ್ಟು ನಾವು ಹೇಳಲ್ಲ, ನಮ್ಮದು ನೀವು ಹೇಳಬೇಡಿ' ಅಂತ ಮಾಡಿಕೊಳ್ಳುವ ಕರಾರು. ವೆಂಡರ್ ಕಡೆ ಕೂತು ಇಂಥವನ್ನು ಸಾಕಷ್ಟು ಓದಿದ್ದೀನಿ. ಬಹಳಷ್ಟರ ದೋಷ ಮೊದಲ ಪುಟದಲ್ಲೇ ಇರುತ್ತೆ.

ಅಲ್ಲಿ ಗೌಪ್ಯ ಮಾಹಿತಿ ಅಂದರೆ ಬರಹದಲ್ಲೋ, ಮಾತಲ್ಲೋ, ಯಾವುದೇ ರೂಪದಲ್ಲೋ ಕೊಟ್ಟ 'ಎಲ್ಲ' ಮಾಹಿತಿ. ಓದೋಕೆ ಭದ್ರವಾಗಿದೆ. ಆದರೆ ನಮ್ಮೂರಲ್ಲಿ ಬದುವಿನ ಜಗಳಕ್ಕೆ ಬಂದ ಸರ್ವೆಯವರು 'ಕಾಣೋದೆಲ್ಲ ನಂದೇ' ಅಂದರೆ ಕೇಳಲ್ಲ, ಬಾಂದುಕಲ್ಲು ತೋರಿಸು ಅಂತಾರೆ. ಕೋರ್ಟೂ ಅಷ್ಟೇ. ನಮ್ಮಲ್ಲಿ ವ್ಯಾಪಾರದ ಗುಟ್ಟಿಗೆ ಅಂತಲೇ ಪ್ರತ್ಯೇಕ ಕಾಯಿದೆ ಇಲ್ಲ. 1872ರ ಕರಾರು ಕಾಯಿದೆ, ಕೋರ್ಟ್ ತೀರ್ಪುಗಳು, ಇವೇ ಆಧಾರ. 2003ರ ಝೀ ಟೆಲಿಫಿಲ್ಮ್ಸ್–ಸಂಡಯಲ್ ಪ್ರಕರಣ ನೋಡಿ. ನಾವು ನಂಬಿ ತೋರಿಸಿದ ಧಾರಾವಾಹಿಯ ಕಾನ್ಸೆಪ್ಟನ್ನು ಚಾನೆಲ್ ಬಳಸಿಕೊಂಡಿತು ಅನ್ನೋದು ಸಂಡಯಲ್ ದೂರು. ಬಾಂಬೆ ಹೈಕೋರ್ಟ್ ಮುಂದಿದ್ದ ಮೊದಲ ಒರೆಗಲ್ಲು: ಯಾವ ಮಾಹಿತಿ ಅಂತ ಸ್ಪಷ್ಟವಾಗಿ ಗುರುತಿಸಿ. ಸಂಡಯಲ್ ಹತ್ತಿರ ಬರೆದಿಟ್ಟ ಕಾನ್ಸೆಪ್ಟ್ ನೋಟ್ ಇತ್ತು, ತಡೆಯಾಜ್ಞೆ ಉಳೀತು.

ಇನ್ನೂ ಕೆಟ್ಟದ್ದು 'ರೆಸಿಡ್ಯುಯಲ್ಸ್' ಷರತ್ತು. ಕೆಲವು ದೊಡ್ಡ ಕಂಪನಿಗಳ ಕರಡಿನಲ್ಲಿ ಕೊನೆಕೊನೆಗೆ ಮೆಲ್ಲಗೆ ಬಂದು ಕೂತಿರುತ್ತೆ: ನಮ್ಮ ನೌಕರರ ನೆನಪಲ್ಲಿ ತಾನಾಗೇ ಉಳಿದದ್ದನ್ನು ನಾವು ಬಳಸಬಹುದು. ಸಾವಿರಾರು ಸಾಲಿನ ಕೋಡ್ ಯಾರ ನೆನಪಲ್ಲೂ ಉಳಿಯಲ್ಲ, ಐಡಿಯಾ ಉಳಿಯುತ್ತೆ. ಹತ್ತು ಜನರ ಸ್ಟಾರ್ಟಪ್ ಹತ್ತಿರ ಇರೋ ಆಸ್ತಿ ಅದೇ ತಾನೇ? ಹತ್ತಾರು ವೆಂಡರ್‌ಗಳನ್ನು ನೋಡೋ ಕಂಪನಿಗೆ ಸುಳ್ಳು ಕೇಸಿನ ಭಯ ಇರುತ್ತೆ, ಒಪ್ಪೋಣ. ಅದಕ್ಕೆ 'ಸ್ವತಂತ್ರವಾಗಿ ರೂಪಿಸಿದ್ದು ಗೌಪ್ಯವಲ್ಲ' ಅನ್ನೋ ವಿನಾಯಿತಿ ಸಾಮಾನ್ಯವಾಗಿ ಮೊದಲೇ ಇರುತ್ತಲ್ಲ! ಮೇಲೆ 'ಪರಸ್ಪರ' ಅಂತ ಶೀರ್ಷಿಕೆ, ಒಳಗೆ ಒಂದೇ ಕಡೆಗೆ ತೂಗುವ ತಕ್ಕಡಿ.

ಒಳ್ಳೆ ಎನ್‌ಡಿಎಗೆ ಎರಡು ಪುಟ ಸಾಕು. ಯಾವುದು ಗುಟ್ಟು, ಯಾವ ಕೆಲಸಕ್ಕೆ ಕೊಟ್ಟದ್ದು, ಯಾರು ನೋಡಬಹುದು, ಎಷ್ಟು ವರ್ಷ ಅಂತ ಹೇಳಿದರಾಯಿತು. ರೆಸಿಡ್ಯುಯಲ್ಸ್ ಕಂಡರೆ ತೆಗೆಸಿ; ತೆಗೆಯಲ್ಲ ಅಂದರೆ ಡೆಮೋದಲ್ಲಿ ಏನು ಮಾಡುತ್ತೆ ಅಂತ ಮಾತ್ರ ತೋರಿಸಿ, ಹೇಗೆ ಮಾಡುತ್ತೆ ಅನ್ನೋದು ಬೇಡ. ಮೀಟಿಂಗ್ ಮುಗಿದ ದಿನವೇ, ಏನೇನು ಹಂಚಿಕೊಂಡಿರಿ ಅಂತ ಪಟ್ಟಿ ಮಾಡಿ ಮೇಲ್ ಹಾಕಿ. ನಾಳೆ ಜಗಳ ಬಂದರೆ ನಿಮ್ಮ ಬಾಂದುಕಲ್ಲು ಆ ಮೇಲೇ.