ಹಳೇಬೀಡಿನ ಮೊದಲ ಛಾಯಾಚಿತ್ರಗಳು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಮುಂದೆ ಕ್ಯಾಮೆರಾ ನಿಂತದ್ದು 1854-55ರ ಚಳಿಗಾಲದಲ್ಲಿ. ಮದ್ರಾಸ್ ಸೇನೆಯ ಲಿನೇಯಸ್ ಟ್ರೈಪ್ ಮತ್ತು ಸೇನಾ ವೈದ್ಯ ಆಂಡ್ರ್ಯೂ ನೀಲ್ ಆಗ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಸುತ್ತಿದರು. ಕಾಲವೂ ಒದಗಿಬಂದಿತ್ತು. ಸಕಲೇಶಪುರದ ಗುಡ್ಡಗಳನ್ನು ದಾಟಿ ಬರುವ ಮುಂಗಾರಿನ ಥಂಡಿಯಲ್ಲಿ ಕಾಗದದ ನೆಗೆಟಿವ್‌ನ ಕೆಲಸ ಸಾಗುತ್ತಿರಲಿಲ್ಲ.

ಆ ಕೆಲಸ ಅರ್ಧ ರಸಾಯನ, ಅರ್ಧ ಯಂತ್ರ. ಕಾಗದಕ್ಕೆ ಬೆಳ್ಳಿಯ ಲವಣ ಸವರಿ, ಕ್ಯಾಮೆರಾದೊಳಗೆ ಬೆಳಕಿಗೆ ಒಡ್ಡಿ, ಕತ್ತಲಲ್ಲಿ ತೊಳೆಯಬೇಕು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು; ಹಾಗಾಗಿ ಕ್ಯಾಮೆರಾ ಎಂದರೆ ಹೊತ್ತು ಸಾಗಿಸಬೇಕಾದ ದೊಡ್ಡ ಮರದ ಪೆಟ್ಟಿಗೆ. ಕಾಗದದ ನಾರು ಸಣ್ಣ ಗೆರೆಗಳನ್ನು ಮಸುಕಾಗಿಸುತ್ತದೆ. ಬಳಪದ ಕಲ್ಲಿನಲ್ಲಿ ಕೊರಳ ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ಕಡೆದಿರುವ ಈ ಗುಡಿಯ ಮಟ್ಟಿಗೆ ಅದು ಸಣ್ಣ ನಷ್ಟವಲ್ಲ. ಆದರೆ ಆನೆ, ಸಿಂಹ, ಬಳ್ಳಿ, ಕುದುರೆಗಳ ಸಾಲುಗಳು ಮೂಲೆಮೂಲೆಗೂ ತಿರುಗುತ್ತ ಹೋಗುವ ಗೋಡೆಯ ಏರಿಳಿತವನ್ನು, ನೆರಳು ಬೆಳಕಿನ ದೊಡ್ಡ ಪಾಲುಗಳನ್ನು ಕಾಗದ ಸೊಗಸಾಗಿ ಹಿಡಿಯುತ್ತದೆ. ಟ್ರೈಪ್‌ನ ಹೆಚ್ಚುಗಾರಿಕೆ ಇಲ್ಲಿದೆ: ಶಿಲ್ಪದ ಕಣ್ಣಿಗಿಂತ ಕಟ್ಟಡದ ಕಣ್ಣು ಮುಂದು. 1855ರ ಮದ್ರಾಸ್ ಪ್ರದರ್ಶನದಲ್ಲಿ ಆತನ 68 ಚಿತ್ರಗಳಿಗೆ ಮೊದಲ ದರ್ಜೆಯ ಪದಕ ಬಂತು.

ಟ್ರೈಪ್‌ನ ಬಳಿಕ ಹಳೇಬೀಡಿನ ಚಿತ್ರ ತೆಗೆದ ರಿಚರ್ಡ್ ಬ್ಯಾನರ್ ಓಕ್ಲಿಯ ಪುಸ್ತಕ 1859ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದರಲ್ಲಿ ಇದೊಂದೇ ಗುಡಿಯ 56 ಚಿತ್ರಗಳಿವೆ. ಅಧ್ಯಯನಕ್ಕೆ ಇದೇ ಹೆಚ್ಚು ಉಪಯುಕ್ತ. ಬಿಡಿ ಚಿತ್ರ ಎಷ್ಟೇ ಚೆಲುವಾಗಿದ್ದರೂ ಗುಡಿಯ ಸುತ್ತಳತೆಯನ್ನು ತಿಳಿಸಲಾರದು. ಪಟ್ಟುಹಿಡಿದು ಒಂದೇ ಕಡೆ ನಿಂತವನು ಅದನ್ನು ತಿಳಿಸಬಲ್ಲ.

ಈ ಪರಂಪರೆಯ ದೊಡ್ಡ ಕೊರತೆ ಬೇರೆಯದು. ಸಯಾಮಿನಲ್ಲಿ (ಇಂದಿನ ಥಾಯ್ಲೆಂಡ್) ಮೋದ್ ಅಮಾತ್ಯಕುಲ್ ಎಂಬ ಅಲ್ಲಿನವನೇ ಕ್ಯಾಮೆರಾ ಕಲಿತ. ಹಳೇಬೀಡಿನಲ್ಲಾದರೋ ಕ್ಯಾಮೆರಾ ಬ್ರಿಟಿಷ್ ಸೇನಾಧಿಕಾರಿಗಳ ಕೈಯಲ್ಲೇ ಇತ್ತು. ಕೇದಾರೋಜ, ಕಾಳಿದಾಸಿಯಂಥ ರೂವಾರಿಗಳ ಹೆಸರು ಗುಡಿಯ ಕಲ್ಲಿನಲ್ಲೇ ಕೆತ್ತಿದ್ದರೂ, ಆ ಬ್ರಿಟಿಷ್ ದೊರೆಗಳ ಕಣ್ಣು ಹುಡುಕಿದ್ದು ಶೈಲಿಯನ್ನು, ಮಾಡಿದವರನ್ನಲ್ಲ.

ನೀಲ್‌ನ ಚಿತ್ರಗಳು ಪಿಗೂ, ಬಿಗ್ಸ್ ಎಂಬ ಇನ್ನಿಬ್ಬರು ಛಾಯಾಗ್ರಾಹಕರು ತೆಗೆದವುಗಳೊಂದಿಗೆ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಗ್ರಂಥದಲ್ಲಿ ಅಚ್ಚಾದವು. ಇತಿಹಾಸದ ಭಾಗ ಮೆಡೋಸ್ ಟೇಲರ್ ಬರೆದದ್ದು, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್‌ನದು. ಹತ್ತು ವರ್ಷದ ಬಳಿಕ, 1876ರಲ್ಲಿ, ಫರ್ಗುಸನ್ ತನ್ನ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನ್‌ಗೆ ಎದುರಾಗಿಟ್ಟು ತೂಗಿದ.