ಓದದೆ ಅಚ್ಚಾಗುವ ಕನ್ನಡ

ತಂಬ್ರಹಳ್ಳಿ ಬಸ್‌ಸ್ಟ್ಯಾಂಡಿನ ಸುತ್ತ ಕಟ್ಟಿದ ಫ್ಲೆಕ್ಸುಗಳನ್ನು ಜನ ನೋಡುತ್ತಾರೆ, ತಮ್ಮವರ ಮುಖ ಹುಡುಕುತ್ತಾರೆ, ಬಸ್ ಬಂದರೆ ಹತ್ತಿ ಹೋಗುತ್ತಾರೆ. ನಿಂತು ಓದುವವರು ಕಡಿಮೆ. ಅದು ಅವರ ಇಷ್ಟ. ಆದರೆ ಆ ಫ್ಲೆಕ್ಸನ್ನು ಮಾಡಿದವರೂ ಅದನ್ನು ಓದಿರುವುದಿಲ್ಲ ಎಂಬುದು ಇದೇ ಕಸುಬಿನಲ್ಲಿರುವ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಡಿಟಿಪಿ ಅಂಗಡಿಗಳಲ್ಲಿ ದಿನಾ ಬೆಳಗಿನಿಂದ ರಾತ್ರಿವರೆಗೆ ಅಕ್ಷರದ ಕೆಲಸ ನಡೆಯುತ್ತದೆ. ಅದನ್ನು ಯಾರೂ ತೂಗಿ ನೋಡಿಲ್ಲ. ಸಿನಿಮಾಕ್ಕೆ ವಿಮರ್ಶೆ ಉಂಟು, ಕಾದಂಬರಿಗೆ ಉಂಟು. ರೈತನೊಬ್ಬ ಮಗಳ ಮದುವೆಗೆಂದು ಅಚ್ಚು ಹಾಕಿಸಿ, ನೆಂಟರ ಮನೆ ಮನೆಗೆ ಕೊಟ್ಟು ಬರುವ ಲಗ್ನಪತ್ರಿಕೆಗೆ ಇಲ್ಲ.

ಕೆಲಸ ಹೇಗೆ ಸಾಗುತ್ತದೆ ಎಂದು ಮೊದಲು ಹೇಳಬೇಕು. ‘ಮ್ಯಾಟರ್’ ವಾಟ್ಸಾಪಿನಲ್ಲಿ ಬರುತ್ತದೆ. ಫೋನಿನ ಕನ್ನಡ ಯುನಿಕೋಡ್. ಅಂಗಡಿಯಲ್ಲಿ ಇರುವುದು ಕೋರೆಲ್ ಡ್ರಾದ ಹಳೆಯ ಆವೃತ್ತಿ, ಫೋಟೋಶಾಪ್, ಪುಸ್ತಕದ ಕೆಲಸ ಹಿಡಿಯುವವರಲ್ಲಿ ಇನ್ನೂ ಪೇಜ್‌ಮೇಕರ್. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಕನ್ನಡ ತಿಳಿಯದು. ಹಾಗಾಗಿ ಬಂದ ಮ್ಯಾಟರನ್ನು ಕನ್ವರ್ಟರಿಗೆ ಹಾಕಿ, ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಕ್ಕೆ ಬದಲಿಸಿ, ಕೋರೆಲ್‌ಗೆ ತಂದು ಅಂಟಿಸಿ, ಬಣ್ಣ ತುಂಬಿ, ಹೊಸಪೇಟೆಯ ಯಂತ್ರಕ್ಕೆ ಕಳಿಸುವ ಮೊದಲು ‘ಕರ್ವ್’ ಮಾಡುತ್ತಾರೆ. ಕರ್ವ್ ಆದ ಮೇಲೆ ಅದು ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಗೆರೆಯ ಚಿತ್ರವಾಗುತ್ತದೆ. ಇಷ್ಟೂ ಹಂತಗಳಲ್ಲಿ ಬೆರಳು ದುಡಿಯುತ್ತದೆ, ಕಣ್ಣು ದುಡಿಯುತ್ತದೆ. ಕೂತು ಓದುವ ಹಂತ ಮಾತ್ರ ಎಲ್ಲಿಯೂ ಇಲ್ಲ.

ಅಚ್ಚುಮೊಳೆಯ ಕಾಲದಲ್ಲಿ ಓದದೆ ಗತಿಯಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಹೊರಟು, ಮರುವರ್ಷ ನಮ್ಮ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು. ಬಳ್ಳಾರಿಯಲ್ಲಿ ಮೊಳೆ ಅಚ್ಚಿನ ಮುದ್ರಣಾಲಯ ಇತ್ತು. ಅಲ್ಲಿಂದ ಮುಂದೆ ನೂರೈವತ್ತು ವರ್ಷದ ಆಸುಪಾಸು, ಅಚ್ಚುಮೊಳೆ ಜೋಡಿಸುವವರು ಒಂದೊಂದು ಅಕ್ಷರವನ್ನೂ ಖಾನೆಯಿಂದ ಹೆಕ್ಕಿ, ತಿರುಗುಮುರುಗಾಗಿ ಕಾಣುವುದನ್ನು ಓದಿಕೊಳ್ಳುತ್ತಲೇ ಸಾಲು ಕಟ್ಟುತ್ತಿದ್ದರು. ಆಮೇಲೆ ಪ್ರೂಫ್ ತೆಗೆದು ಇನ್ನೊಬ್ಬರು ಓದುತ್ತಿದ್ದರು. ಆಗಲೂ ತಪ್ಪು ಬೀಳುತ್ತಿತ್ತು, ಬೇಕಾದಷ್ಟು. ಆದರೆ ಅವು ಓದಿದವರ ಕಣ್ಣು ತಪ್ಪಿಸಿದ ತಪ್ಪುಗಳು. ಈಗಿನವು ಯಾರ ಕಣ್ಣಿಗೂ ಬೀಳದೆ ನೇರ ಕಂಬಕ್ಕೆ ಏರುವ ತಪ್ಪುಗಳು.

ಹಾಗೆಂದು ಉಪಕರಣಗಳನ್ನು ಬೈಯುವುದು ಅನ್ಯಾಯ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಕಸುಬಿಗೆ ಸಿಕ್ಕ ದೊಡ್ಡ ಕೊಡುಗೆ. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ಧ್ವನಿಗಳನ್ನು ಕೂರಿಸಿ, ಒಂದು ಎಫ್ ಕೀಲಿಯಿಂದ ಒತ್ತಕ್ಷರ ಹುಟ್ಟಿಸುವ ಆ ಸರಳತೆ ಇಲ್ಲದಿದ್ದರೆ, ಪಿಯುಸಿ ಮುಗಿಸಿದ ಹಳ್ಳಿ ಹುಡುಗ ಹುಡುಗಿಯರು ತಿಂಗಳೊಪ್ಪತ್ತಿನಲ್ಲಿ ನೋಡದೆ ಟೈಪ್ ಮಾಡುವುದನ್ನು ಕಲಿಯುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವೆರಡೂ ಕನ್ನಡವನ್ನು ಬೆಂಗಳೂರಿನ ದುಬಾರಿ ಯಂತ್ರಗಳಿಂದ ಬಿಡಿಸಿ ತಾಲ್ಲೂಕು ಕಚೇರಿಯ ಎದುರಿನ ಅಂಗಡಿಗೆ ತಂದವು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕೆಂದು ಹಟ ಹಿಡಿದಿದ್ದರು, ಇಲ್ಲೇ ಪಕ್ಕದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು’ ಹೆಸರಿನ ತಂತ್ರಾಂಶವನ್ನು ಹೊರತಂದಿತು. ಆ ತಲೆಮಾರಿನವರ ಚಿಂತೆ ಕನ್ನಡ ಪರದೆಯ ಮೇಲೆ ಮೂಡಬೇಕು ಎಂಬುದು. ಅದು ಕೈಗೂಡಿತು. ಮೂಡಿದ್ದನ್ನು ಓದುವ ಹೊಣೆ ನಮ್ಮ ತಲೆಮಾರಿನ ಪಾಲಿಗೆ ಬಂದಿತ್ತು. ನಾವು ಅದನ್ನು ಹೊರಲಿಲ್ಲ.

ಒಂದು ಉದಾಹರಣೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ವಾರ ಶಾಲೆ, ಟ್ಯೂಷನ್ನುಗಳ ಫ್ಲೆಕ್ಸ್ ಒಂದರ ಹಿಂದೊಂದು ಬರುತ್ತವೆ. ‘ರ‍್ಯಾಂಕ್’ ಎಂದು ಬರಬೇಕಾದ ಕಡೆ ರಕಾರ ಮುಂದೆ ನಿಂತು ಯ ಅದರ ಒತ್ತಾಗಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಚಿಹ್ನೆ ಬೇಕು. ಫೋನಿನಲ್ಲಿ ಅವಸರದಿಂದ ಒತ್ತುವವರು ಅದನ್ನು ಹಾಕುವುದಿಲ್ಲ, ಯಾ ಮುಂದೆ ಬಂದು ರ ಅರ್ಕಾವೊತ್ತಾಗಿ ಹಿಂದೆ ಸರಿಯುತ್ತದೆ. ‘ರಾಜ್‌ಕುಮಾರ’ ಎಂಬ ಹೆಸರಿನಲ್ಲಿ ಜ ಮತ್ತು ಕ ಬೇರೆ ಬೇರೆ ನಿಲ್ಲಬೇಕಾದದ್ದು ಒಂದರ ಕೆಳಗೊಂದು ಸಿಕ್ಕಿಕೊಂಡು ‘ರಾಜ್ಕುಮಾರ’ ಆಗುತ್ತದೆ. ನುಡಿಯಲ್ಲಿ ನೇರ ಟೈಪ್ ಮಾಡುವ ಹುಡುಗಿಗೆ ಇದನ್ನು ಸರಿಯಾಗಿ ಬರೆಯುವುದು ಚೆನ್ನಾಗಿ ಗೊತ್ತು. ಅವಳೇ ಟೈಪ್ ಮಾಡಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಟೈಪ್ ಮಾಡುವ ಶ್ರಮ ಉಳಿಯಿತೆಂದು ನಾವು ಸಂತೋಷಪಟ್ಟೆವು; ಆ ಶ್ರಮದ ಒಳಗೇ ಒಂದು ಸಲದ ಓದು ಅಡಗಿತ್ತು, ಶ್ರಮದ ಜೊತೆಗೆ ಅದೂ ಹೋಯಿತು.

ಅಕ್ಷರದ ರೂಪದ ಮಾತೂ ಇದೇ. ಫ್ಲೆಕ್ಸಿನ ಹೆಸರಿಗೆ ಮೂರು ಬಣ್ಣದ ದಪ್ಪ ಔಟ್‌ಲೈನ್ ಕೊಡದಿದ್ದರೆ ಗಿರಾಕಿಗೆ ಸಮಾಧಾನವಿಲ್ಲ. ಧಕಾರದ ಕೆಳಗಿನ ಸೀಳು, ಥಕಾರದ ಹೊಟ್ಟೆಯ ಚುಕ್ಕೆ ಆ ದಪ್ಪದಲ್ಲಿ ಮುಚ್ಚಿಹೋಗುತ್ತವೆ. ‘ಧನಲಕ್ಷ್ಮಿ ಟ್ರೇಡರ್ಸ್’ ದೂರದಿಂದ ‘ದನಲಕ್ಷ್ಮಿ’ ಆಗಿ ಕಾಣುತ್ತದೆ. ಜಾಗ ಸಾಲದೆ ಬಂದರೆ ಅಕ್ಷರವನ್ನು ಅಡ್ಡಕ್ಕೆ ಹಿಸುಕುತ್ತಾರೆ, ಉಳಿದರೆ ಎಳೆಯುತ್ತಾರೆ. ಸಾಲಿನ ನಡುವಿನ ಅಂತರ ಇಂಗ್ಲಿಷಿನ ಅಳತೆಯಲ್ಲೇ ಉಳಿಯುತ್ತದೆ. ಹಾಗಾಗಿ ‘ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ’ ಎಂಬ ಸಾಲಿನ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂತುಬಿಡುತ್ತವೆ. ಫ್ಲೆಕ್ಸಿಗೆ ಮೊದಲು ಬಟ್ಟೆಯ ಬ್ಯಾನರು, ಗೋಡೆಬರಹ ಮಾಡುತ್ತಿದ್ದ ಪೇಂಟರುಗಳು ಸೀಮೆಸುಣ್ಣದ ಗೆರೆ ಹೊಡೆಯುವಾಗಲೇ ಒತ್ತಿಗೆ ಎಷ್ಟು ಜಾಗ ಬೇಕೆಂದು ಲೆಕ್ಕ ಹಾಕುತ್ತಿದ್ದರು. ಕುಂಚ ಹಿಡಿದವರಿಗೆ ಬರೆಯಲಿರುವ ಸಾಲು ಮೊದಲೇ ತಲೆಯಲ್ಲಿ ಓದಿ ಆಗಿರುತ್ತಿತ್ತು.

ಟೈಪ್ ಮಾಡುವ ಶ್ರಮ ತಪ್ಪಿ ಉಳಿದ ಸಮಯವಾದರೂ ಎಲ್ಲಿ ಹೋಯಿತು? ‘ಶುಭ ಕೋರುವವರು’ ಎಂಬ ಸಾಲಿನಲ್ಲಿ ಬರುವ ಮುಖಗಳ ಹಿನ್ನೆಲೆ ಕತ್ತರಿಸುವುದು ಹಿಂದೆ ಪೆನ್ ಟೂಲ್ ಹಿಡಿದು ಕಿವಿ, ಕೂದಲು, ಕಾಲರ್ ಸುತ್ತ ಚುಕ್ಕೆ ಇಡುತ್ತ ಸಾಗುವ ಕೆಲಸ. ಈಗ ಒಂದು ಗುಂಡಿ ಒತ್ತಿದರೆ ಸಾಕು. ಅದು ಗೊತ್ತಾದ ಕೂಡಲೇ ಮುಖಗಳ ಸಂಖ್ಯೆ ಏರಿತು. ಎಂಟು ಇದ್ದದ್ದು ಮೂವತ್ತಾಯಿತು. ಮೂವತ್ತರಲ್ಲಿ ಯಾರು ಮೊದಲು, ಯಾರು ದೊಡ್ಡವರು ಎಂಬ ತಕರಾರು ಶುರುವಾಯಿತು. ರಾತ್ರಿ ಹತ್ತಕ್ಕೆ ಫೋನ್: “ಅಣ್ಣಾ, ನಮ್ಮ ಮಾವನ ಫೋಟೋ ಕೆಳಗ ಹೋಗೈತಿ, ಒಂಚೂರು ಮ್ಯಾಲೆ ತಗೊ.” ತೆಗೆದುಕೊಳ್ಳಬೇಕು. ಜಾತ್ರೆ ದಿನಗಳಲ್ಲಿ, ಚೈತ್ರ ವೈಶಾಖದ ಮುಹೂರ್ತಗಳಲ್ಲಿ, ಕರೆಂಟು ಹೋಗಿ ಯುಪಿಎಸ್ ಕಿರುಚುವ ಹೊತ್ತಿನಲ್ಲಿ, ಹೀಗೆ ತೆಗೆದುಕೊಳ್ಳುತ್ತಲೇ ಇರಬೇಕು. ಫೋಟೋ ಸರಿಸುವುದಕ್ಕೆ ಐದು ಸಲ ಫೈಲ್ ತೆರೆಯುತ್ತೇವೆ, ಹೆಸರು ಸರಿ ಇದೆಯೇ ಎಂದು ನೋಡುವುದಕ್ಕೆ ಒಂದು ಸಲವೂ ತೆರೆಯುವುದಿಲ್ಲ. ತಂತ್ರಾಂಶ ಉಳಿಸಿಕೊಟ್ಟ ಹೊತ್ತನ್ನು ಮುಖಗಳು ತಿಂದವು. ಇದನ್ನು ಗಿರಾಕಿಯ ತಪ್ಪು ಎನ್ನಲಾರೆ. ಕರೆಕ್ಷನ್ ಎಷ್ಟು ಬೇಕಾದರೂ ಪುಕ್ಕಟೆ ಎಂಬ ರೂಢಿ ಹಾಕಿದವರು ಅಂಗಡಿಯವರೇ.



ಹಳೆಯ ಫೈಲ್ ತೆರೆದು ಹೆಸರು ಬದಲಿಸುವ ಅಭ್ಯಾಸ ಇನ್ನೊಂದು. ಇದರ ಬೆಲೆ ಏನೆಂದು ಹರಪನಹಳ್ಳಿಯವರನ್ನು ಕೇಳಬೇಕು. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆ ಸೇರಿತು. ಉಳಿದ ತಾಲ್ಲೂಕುಗಳ ವಿಳಾಸವೂ ಆಗಲೇ ಬದಲಾಯಿತು. ಯುನಿಕೋಡಿನಲ್ಲಿ ಇಟ್ಟ ಫೈಲಾಗಿದ್ದರೆ ‘ಬಳ್ಳಾರಿ ಜಿಲ್ಲೆ’ ಎಂದು ಹುಡುಕಿ ಬದಲಿಸುವುದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಆಸ್ಕಿಯಲ್ಲಿ ಇಟ್ಟದ್ದು ಹಾಗೆ ಸುಲಭಕ್ಕೆ ಸಿಗದು, ಕರ್ವ್ ಮಾಡಿ ಇಟ್ಟದ್ದು ಹುಡುಕಿದರೆ ಸಿಗುವುದೇ ಇಲ್ಲ. ಮುಖ್ಯ ಹೆಸರು ಹೊಸದಾಗುತ್ತದೆ, ಕೆಳಮೂಲೆಯ ವಿಳಾಸ ಹಳೆಯ ಜಿಲ್ಲೆಯಲ್ಲೇ ನಿಲ್ಲುತ್ತದೆ. ಆ ಮೂಲೆಯನ್ನು ಓದಿದವರಿಲ್ಲ.

ಹೊಸ ದಾರಿಗಳು ತೆರೆದಿವೆ, ಅದೂ ಪುಕ್ಕಟೆ. ಏಕ್ ಟೈಪ್‌ನವರ ‘ಬಲೂ ತಮ್ಮ’, ‘ಅನೇಕ್ ಕನ್ನಡ’, ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯಾ ಕನಡಕ’ದಂಥ ಯುನಿಕೋಡ್ ಫಾಂಟುಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಂಕ್‌ಸ್ಕೇಪ್ ಕನ್ನಡದ ಒತ್ತುಗಳನ್ನು ಸರಿಯಾಗಿ ಕೂರಿಸುತ್ತದೆ. ಇವನ್ನು ಬಳಸಿದರೆ ಕನ್ವರ್ಟರಿನ ಗೊಡವೆ ತಪ್ಪುತ್ತದೆ, ಹೆಸರು ಹುಡುಕಿದರೆ ಸಿಗುತ್ತದೆ. ಆದರೆ ಓದದೆ ಅಚ್ಚು ಹಾಕುವ ಕೈಗೆ ಹೊಸ ಉಪಕರಣ ಸಿಕ್ಕರೆ ಏನಾಗುತ್ತದೆ ಎಂಬುದನ್ನೂ ನೋಡುತ್ತಿದ್ದೇವೆ. ಎಐ ಬಿಡಿಸಿಕೊಟ್ಟ ಪೋಸ್ಟರಿನಲ್ಲಿ ಕನ್ನಡದಂತೆ ಕಾಣುವ, ಕನ್ನಡದ ಯಾವ ಅಕ್ಷರವೂ ಅಲ್ಲದ ಸುರುಳಿಗಳು ಬರುತ್ತವೆ. ಅವು ಹಾಗೆಯೇ ಸ್ಟೇಟಸ್ಸಿಗೂ ಹೋಗುತ್ತವೆ.

ಈ ಸೀಮೆಯ ಅಕ್ಷರದ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಹಳ್ಳಿ ನಾಟಕದ ಹ್ಯಾಂಡ್‌ಬಿಲ್ಲನ್ನು. ಗುಲಾಬಿ ಅಥವಾ ಹಳದಿಯ ತೆಳು ಕಾಗದ, ಒಂದೇ ಬಣ್ಣದ ಶಾಯಿ. ಮೇಲೆ ದೇವರ ಹೆಸರು, ನಡುವೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ಕೆಳಗೆ ಎರಡು ಸಾಲಾಗಿ ಪಾತ್ರ ಮತ್ತು ಪಾತ್ರಧಾರಿಗಳು, ಮರಿಯಮ್ಮನಹಳ್ಳಿ ಕಡೆಯಿಂದ ಬರುವ ಕಲಾವಿದೆಯರ ಹೆಸರು, ಹಾರ್ಮೋನಿಯಂ, ತಬಲಾ, ಸೀನರಿ ಯಾರದು ಎಂಬುದರವರೆಗೆ. ಅಷ್ಟು ಕಿರಿದಾದ ಜಾಗದಲ್ಲಿ ಅಷ್ಟು ಹೆಸರು ಹಿಡಿಸಿ, ಮುಖ್ಯವಾದದ್ದು ಮೊದಲು ಕಣ್ಣಿಗೆ ಬೀಳುವಂತೆ ಮಾಡುವುದು ನಿಜವಾದ ವಿನ್ಯಾಸ. ಅದರಲ್ಲಿ ತಪ್ಪು ಕಡಿಮೆ, ಏಕೆಂದರೆ ಅದನ್ನು ಓದುವವರಿದ್ದಾರೆ. ನಾಟಕದ ಮಾಸ್ತರರು ಅಂಗಡಿಯಲ್ಲೇ ಕೂತು ಒಂದೊಂದು ಹೆಸರಿನ ಮೇಲೂ ಬೆರಳಿಡುತ್ತಾರೆ, ಪಾತ್ರಧಾರಿಯ ಹೆಸರು ಕೆಟ್ಟರೆ ತಾಲೀಮಿನಲ್ಲಿ ಜಗಳ. ಆಮೇಲೆ ಅದೇ ಕಾಗದ ಹಿಡಿದು ಆಟೋದಲ್ಲಿ ಮೈಕು ಕಟ್ಟಿಕೊಂಡು ಊರೂರು ಕೂಗುತ್ತ ಹೋಗುತ್ತಾರೆ. ಬಾಯಿಬಿಟ್ಟು ಓದಲಿರುವ ಸಾಲನ್ನು ಕೆಟ್ಟದಾಗಿ ಜೋಡಿಸಲು ಬರುವುದಿಲ್ಲ.

ಲಗ್ನಪತ್ರಿಕೆಗೂ ಫ್ಲೆಕ್ಸಿಗೂ ಇಂಥ ಒಂದು ಓದು ಸಿಗಬೇಕಾದರೆ ಅದಕ್ಕೆ ಹಣ ಕಟ್ಟಬೇಕು. ಬಿಲ್ಲಿನಲ್ಲಿ ಡಿಸೈನ್, ಪ್ರಿಂಟ್, ಐಲೆಟ್ ಎಂದು ಬರೆಯುವ ಕಡೆ ಪ್ರೂಫ್ ಎಂದು ಇನ್ನೊಂದು ಸಾಲು ಸೇರಿಸಿ, ಐವತ್ತು ರೂಪಾಯಿ ಹಾಕಿ, ಎ4 ಹಾಳೆಯಲ್ಲಿ ಕಪ್ಪುಬಿಳುಪು ಪ್ರತಿ ತೆಗೆದು ಗಿರಾಕಿಯ ಎದುರಿಗೆ ಗಟ್ಟಿಯಾಗಿ ಓದಿ, ಸಹಿ ಹಾಕಿಸಿಕೊಂಡ ಮೇಲೆಯೇ ಕರ್ವ್ ಮಾಡಬೇಕು. ಓದು ಬಾರದವರು ಬಂದರೆ ಅಂಗಡಿಯವರೇ ಓದಿ ಹೇಳಬೇಕು. ಹಗರಿಬೊಮ್ಮನಹಳ್ಳಿಯ ಅಂಗಡಿಗಳೆಲ್ಲ ಕೂಡಿ ಒಂದೇ ದರ ಇಟ್ಟರೆ, ಪಕ್ಕದ ಅಂಗಡಿಯಲ್ಲಿ ಪುಕ್ಕಟೆ ಎಂದು ಯಾರೂ ಎದ್ದು ಹೋಗುವುದಿಲ್ಲ.