ಫ್ರೀವೀಲಿನ ಟಿಕ್ ಟಿಕ್

ಚಿಕ್ಕರಸಿನಕೆರೆಯಿಂದ ದಿನಾ ಕೆ.ಎಂ.ದೊಡ್ಡಿಗೆ, ಭಾನುವಾರ ಗೆಳೆಯರೊಟ್ಟಿಗೆ 1938ರ ಧ್ವಜ ಸತ್ಯಾಗ್ರಹ ನಡೆದ ಶಿವಪುರಕ್ಕೆ. ಇಷ್ಟಕ್ಕೆ ಫಿಕ್ಸೆಡ್ ಗೇರ್ ಸೈಕಲ್ ಸಾಕಲ್ಲವೇ ಎಂದು ಲೆಕ್ಕ ಹಾಕುತ್ತಿದ್ದೇನೆ. ಟೂರ್ ಡಿ ಫ್ರಾನ್ಸ್ ಕೂಡ ಗೇರ್ ಬದಲಿಸುವ ಸಾಧನಕ್ಕೆ ಒಪ್ಪಿದ್ದು 1937ರಲ್ಲಿ. ಫಿಕ್ಸೆಡ್ ಗೇರಿನ ಅಂದವೇ ಬೇರೆ: ಒಂದು ಚೈನು, ಎರಡು ಹಲ್ಲುಚಕ್ರ. ಹಿಂದಿನ ಗಾಲಿ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಕಾಲು ಬಿಗಿಹಿಡಿದರೆ ಅದೇ ಬ್ರೇಕು. ಕೈಬ್ರೇಕೇ ಬೇಡವೆನ್ನುವ ಶೋಕಿ ಮಾತ್ರ ನನಗಿಲ್ಲ.

ಅಪ್ಪನ ಅಟ್ಲಾಸ್‌ಗೂ ಗೇರು ಒಂದೇ. ಕ್ಯಾರಿಯರ್ ಮೇಲೆ ಹಸಿಹುಲ್ಲಿನ ಹೊರೆ, ಹ್ಯಾಂಡಲ್‌ಗೆ ಹಾಲಿನ ಕ್ಯಾನು, ಸೀಟಿನ ಸ್ಪ್ರಿಂಗು ಕಿರ್ರೆನ್ನುತ್ತಿತ್ತು. ಕಬ್ಬಿನ ಗಾಡಿ ಎದುರಾದರೆ ತುಳಿಯುವುದು ನಿಲ್ಲಿಸಿ ಅಂಚಿಗೆ ಸರಿಯುತ್ತಿದ್ದ. ಫ್ರೀವೀಲು ಟಿಕ್ ಟಿಕ್ ಎನ್ನುತ್ತಿತ್ತು. ಫಿಕ್ಸೆಡ್‌ನಲ್ಲಿ ಆ ಸದ್ದೇ ಇಲ್ಲ.